ನಗರದ ನಡುವಣ ಕಾಡು ಮತ್ತು ಮನಸ್ಸಿನ ವಿಶ್ರಾಂತಿ

ಬಂಜಾರಾ ಹಿಲ್ಸ್ ಮತ್ತು ಜುಬಿಲಿ ಹಿಲ್ಸ್‌ಗಳ ನಡುವೆ ಇರುವ ಕಾಸು ಬ್ರಹ್ಮಾನಂದ ರೆಡ್ಡಿ ರಾಷ್ಟ್ರೀಯ ಉದ್ಯಾನವನ್ನು ಮಲೆನಾಡಿನವರಿಗೆ ‘ಕಾಡು’ ಎಂದು ತೋರಿಸಿದರೆ ಅವರು ನಕ್ಕಾರು. ಅಲ್ಲಿ ಕಗ್ಗತ್ತಲ ನೆರಳಿಲ್ಲ, ಹರಿಯುವ ತೊರೆಯಿಲ್ಲ. ಗ್ರಾನೈಟ್ ಬಂಡೆ, ಸೀತಾಫಲದ ಗಿಡ, ಮುಳ್ಳುಪೊದೆ, ನವಿಲು, ಇಷ್ಟೇ. ರಾಯಚೂರು, ಯಾದಗಿರಿಗಳ ಕಡೆಯಿಂದ ಬಂದು ಇಲ್ಲಿ ನೆಲೆಸಿದವರಿಗಾದರೋ ಇದು ತವರಿನ ನೆಲದಂತೆಯೇ ಕಾಣುತ್ತದೆ.

ನಿಜಾಮರ ಮನೆತನದ ಚಿರಾನ್ ಅರಮನೆಯನ್ನು ತನ್ನೊಳಗೆ ಇರಿಸಿಕೊಂಡಿರುವ ಈ ಪ್ರದೇಶವು 1990ರ ದಶಕದಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಇದರ ವಿಸ್ತೀರ್ಣ ಸುಮಾರು 350 ಎಕರೆ. ಇಲ್ಲಿಗೆ ಬರುವವರಲ್ಲಿ ಹಲವರು ದೇಹದ ವ್ಯಾಯಾಮಕ್ಕೆಂದು ಬಂದು, ಮನಸ್ಸಿನ ನೆಮ್ಮದಿಗಾಗಿ ಮತ್ತೆ ಮತ್ತೆ ಬರುತ್ತಾರೆ.

ಇದಕ್ಕೆ ಕಾರಣವನ್ನು ಅಮೆರಿಕದ ಮನೋವಿಜ್ಞಾನಿ ದಂಪತಿಗಳಾದ ರೇಚಲ್ ಮತ್ತು ಸ್ಟೀಫನ್ ಕಾಪ್ಲನ್ 1989ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ್ದಾರೆ. ಕಚೇರಿಯ ಲೆಕ್ಕ, ರಸ್ತೆಯ ಸಂಚಾರ ಇವೆಲ್ಲ ನಮ್ಮಿಂದ ಬಲವಂತದ ಗಮನವನ್ನು ಬೇಡುತ್ತವೆ. ಆ ಗಮನಶಕ್ತಿ ದಣಿಯುತ್ತದೆ. ಎಲೆಯ ಅಲುಗಾಟ, ಹಕ್ಕಿಯ ಕೂಗುಗಳು ಯಾವ ಶ್ರಮವನ್ನೂ ಕೇಳದೆ ಮನಸ್ಸನ್ನು ಸೆಳೆಯುವುದರಿಂದ ದಣಿದ ಶಕ್ತಿಯು ಚೇತರಿಸಿಕೊಳ್ಳುತ್ತದೆ. ನಿತ್ಯದ ಜಗತ್ತಿನಿಂದ ದೂರ ಬಂದೆವೆಂಬ ಭಾವವೂ ಇದಕ್ಕೆ ಅಗತ್ಯ. 2019ರಲ್ಲಿ ಪ್ರಕಟವಾದ, ಇಂಗ್ಲೆಂಡಿನ ಸುಮಾರು 20,000 ಜನರ ಅಧ್ಯಯನದಲ್ಲಿ ವಾರಕ್ಕೆ 120 ನಿಮಿಷವಾದರೂ ನಿಸರ್ಗದಲ್ಲಿ ಕಳೆದವರು ತಾವು ಹೆಚ್ಚು ಆರೋಗ್ಯವಾಗಿ, ನೆಮ್ಮದಿಯಿಂದ ಇರುವುದಾಗಿ ಹೇಳಿದರು. ನೆಮ್ಮದಿ ಉಳ್ಳವರೇ ಹೆಚ್ಚಾಗಿ ಕಾಡಿಗೆ ಹೋಗುತ್ತಾರೆಯೋ ಏನೋ, ಆ ಸಂದೇಹವೂ ಉಳಿಯುತ್ತದೆನ್ನಿ.

ಆ ದೂರದ ಭಾವ ಎಲ್ಲಿ ಹುಟ್ಟುತ್ತದೆಂಬುದನ್ನು ಈ ಉದ್ಯಾನದಲ್ಲಿ ಯಾರೂ ಪರೀಕ್ಷಿಸಿ ನೋಡಬಹುದು. ಹೊರಸುತ್ತಿನ ನಡೆದಾರಿಯಲ್ಲಿ ವಾಹನಗಳ ಹಾರ್ನು ಜೊತೆಯಲ್ಲೇ ಬರುತ್ತದೆ. ಟಿಕೆಟು ಪಡೆದು ಒಳಹಾದಿಯಲ್ಲಿ ಸ್ವಲ್ಪ ಸಾಗಿದರೆ ರಸ್ತೆ ಮರೆಯಾಗಿ, ಸದ್ದು ತಗ್ಗುತ್ತದೆ. ಹೀಗೆ ಮರೆಮಾಡುವುದು ಅಂಚಿನ ಮರಗಳೇ. (ಮೊಬೈಲಿನಲ್ಲಿ ಷೇರುಪೇಟೆಯ ಮಾತಾಡುತ್ತ ನಡೆಯುವವರಿಗೆ ಯಾವ ಮರವೂ ಮರೆಯಾಗಲಾರದು!)

ಆದ್ದರಿಂದಲೇ 2016ರಲ್ಲಿ ಉದ್ಯಾನದ ಸುತ್ತಲಿನ ವೃತ್ತಗಳಲ್ಲಿ ಮೇಲ್ಸೇತುವೆ ಕಟ್ಟಲು ಅಂಚಿನ ಮರಗಳನ್ನು ಕಡಿಯುವ ಯೋಜನೆ ಬಂದಾಗ ನಾಗರಿಕರು ಬೀದಿಗಿಳಿದು ವಿರೋಧಿಸಿದರು. ಉದ್ಯಾನದ ಸುತ್ತ ರಕ್ಷಣೆಗೆಂದು 2020ರಲ್ಲಿ ಗೊತ್ತುಪಡಿಸಿದ ಪರಿಸರ ಸೂಕ್ಷ್ಮ ವಲಯದ ಅಗಲ ಸುಮಾರು 3ರಿಂದ 30 ಮೀಟರ್ ಮಾತ್ರ. ಮೂರು ಮೀಟರ್ ಎಂದರೆ ಒಂದು ಸಾಧಾರಣ ಕೋಣೆಯ ಅಗಲ. ಅದು ಯಾವ ಸದ್ದನ್ನು ತಡೆದೀತು? 2025ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಬಳಿಯ ಕಂಚ ಗಚ್ಚಿಬೌಲಿಯ 400 ಎಕರೆ ಹಸಿರಿನ ಬಗ್ಗೆಯೂ ಇಂಥದೇ ಹೋರಾಟ ನಡೆದು, ಏಪ್ರಿಲ್ 3ರಂದು ಸರ್ವೋಚ್ಚ ನ್ಯಾಯಾಲಯವು ಮರ ಕಡಿಯುವುದನ್ನು ನಿಲ್ಲಿಸಬೇಕಾಯಿತು.

ದಿಲ್‌ಸುಖ್‌ನಗರದ ಕಡೆಯ ಕುಟುಂಬಗಳಿಗೆ ವನಸ್ಥಲಿಪುರದ ಮಹಾವೀರ ಹರಿಣ ವನಸ್ಥಲಿ ಹತ್ತಿರ. ಅದು ಹದಿನಾಲ್ಕು ಚದರ ಕಿಲೋಮೀಟರಿಗೂ ಮಿಕ್ಕಿದ ಕೃಷ್ಣಮೃಗಗಳ ಕಾಡು. ಚಿಲ್ಕೂರು ಬಾಲಾಜಿಯ ದರ್ಶನಕ್ಕೆ ಹೋಗುವವರು ದಾರಿಯಲ್ಲೇ ಮೃಗವನಿಯನ್ನೂ ನೋಡಿ ಬರಬಹುದು.