ಮೆಣಸು ಕೆಂಪಾದ ಬಗೆ: ಬ್ಯಾಡಗಿಯ ಸುತ್ತ ಒಂದು ಪದಚರಿತ್ರೆ

ಹಾವೇರಿಯ ಸಿದ್ಧೇಶ್ವರ ಗುಡಿ ಕಟ್ಟಿದಾಗ ಆ ಊರಿನ ಒಂದು ಒಲೆಯ ಬದಿಯಲ್ಲೂ ಮೆಣಸಿನಕಾಯಿ ಇರಲಿಲ್ಲ. ಪಡುವಣಕ್ಕೆ ಮುಖ ಮಾಡಿದ ಈ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಪಕ್ಕದ ಬ್ಯಾಡಗಿಗೆ ಹೆಸರು ತಂದ ಕಾಯಿ ಅದಕ್ಕಿಂತ ಶತಮಾನಗಳಷ್ಟು ಈಚೆಗೆ ಬಂದ ನೆಂಟ. ಅಮೆರಿಕ ಖಂಡದ ಆ ಗಿಡ ಪೋರ್ಚುಗೀಸರ ಹಡಗು ಹತ್ತಿ ಪಶ್ಚಿಮ ಕರಾವಳಿಗೆ ಇಳಿಯಿತು. ಅವರು ಗೋವೆ ಹಿಡಿದದ್ದು 1510ರಲ್ಲಿ.

ಹಾಗಾದರೆ ಹಳಗನ್ನಡದ ‘ಮೆಣಸು’ ಯಾವುದು? ಬಳ್ಳಿಯ ಕರಿಕಾಳು. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದ ಅಡುಗೆಗೂ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ಅರಮನೆಯ ಅಡುಗೆಗೂ ಖಾರ ಕೊಟ್ಟದ್ದು ಅದೇ. ಮೆಣಸಿನಕಾಯಿಯನ್ನು ಹೊಗಳುವ ಕೀರ್ತನೆಯೊಂದು ಪುರಂದರದಾಸರ ಹೆಸರಿನಲ್ಲಿದೆ. ದಾಸರು ತೀರಿಕೊಂಡದ್ದು 1564ರಲ್ಲಿ. ಅಂಕಿತ ನೋಡಿಯೇ ಕಾಲ ತೀರ್ಮಾನಿಸುವುದು ಅವಸರದ ಕೆಲಸ. ಆದರೂ ಗೋವೆಗೂ ವಿಜಯನಗರಕ್ಕೂ ಇದ್ದ ಕುದುರೆ ವ್ಯಾಪಾರವನ್ನು ನೆನೆದರೆ, ಐವತ್ತು ವರ್ಷದಲ್ಲಿ ಒಂದು ಹಿಡಿ ಬೀಜ ಘಟ್ಟ ಹತ್ತಿದ್ದರೆ ನನಗೇನೂ ಅಚ್ಚರಿಯಿಲ್ಲ.

ಹೊಸ ನೆಂಟನಿಗೆ ಕನ್ನಡ ಹೊಸ ಹೆಸರು ಹುಡುಕಲಿಲ್ಲ. ಹಳೆಯದು ಕಾಳು, ಇದು ಕಾಯಿ, ಆದ್ದರಿಂದ ‘ಮೆಣಸಿನಕಾಯಿ’. ತಮಿಳರು ಮಿಳಗಿನಿಂದ ‘ಮಿಳಗಾಯ್’ ಮಾಡಿಕೊಂಡದ್ದೂ ಇದೇ ಉಪಾಯದಿಂದ. ಮರಾಠಿಯ ‘ಮಿರಚಿ’ಯ ಬೆನ್ನಿಗೆ ಸಂಸ್ಕೃತದ ‘ಮರೀಚ’ವಿದೆ, ಅದೂ ಕರಿಮೆಣಸೇ. ಕರಾವಳಿಯಲ್ಲಿ ಕಥೆ ಇನ್ನೂ ಮುಂದೆ ಹೋಯಿತು. ಅಲ್ಲಿ ಬರಿಯ ‘ಮೆಣಸು’ ಎಂದರೆ ಕೆಂಪು ಕಾಯಿ. ಹಳೆಯ ಯಜಮಾನ ‘ಒಳ್ಳೆಮೆಣಸು’ ಎಂದು ಕರೆಸಿಕೊಳ್ಳಬೇಕಾಯಿತು. ತುಳುವಿನಲ್ಲೂ ಅಷ್ಟೇ, ಅದು ‘ಎಡ್ಡೆ ಮುಂಚಿ’. ಬಂದವನು ಮನೆ ಹಿಡಿದ, ಇದ್ದವನಿಗೆ ವಿಶೇಷಣ ಉಳಿಯಿತು!

ಇದೇ ಆಟ ಮತ್ತೆ ನಡೆದದ್ದು ಬ್ಯಾಡಗಿಯಲ್ಲಿ. ಈಗ ಮಂಗಳೂರಿನ ಅಂಗಡಿಯಲ್ಲಿ ‘ಅರ್ಧ ಕಿಲೋ ಬ್ಯಾಡಗಿ’ ಎಂದರೆ ಸಾಕು, ಊರಿನ ಹೆಸರೇ ಸರಕಿನ ಹೆಸರು. ಸುತ್ತಲ ತಾಲ್ಲೂಕುಗಳ ಹೊಲದಲ್ಲಿ ಬೆಳೆದದ್ದೂ ಈ ಪೇಟೆಗೆ ಬಂದು ಇದೇ ಹೆಸರು ಹೊತ್ತು ಹೊರಡುತ್ತದೆ. ಗಿಡ್ಡಗೆ ದಪ್ಪಗಿರುವುದು ಡಬ್ಬಿ, ಉದ್ದಕ್ಕೆ ಸಣಕಲಾಗಿರುವುದು ಕಡ್ಡಿ. ಕಡ್ಡಿಯೊಂದನ್ನು ಅಂಗೈಯಲ್ಲಿಟ್ಟು ನೋಡಿ: ಮೈತುಂಬ ನೆರಿಗೆ, ಮುರಿದರೆ ಬೆರಳಿಗೆ ಹತ್ತುವ ಕಡುಗೆಂಪು, ನಾಲಿಗೆಗೆ ಮಾತ್ರ ಸೌಮ್ಯ. 2011ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆತ ಈ ಕಾಯಿಯಿಂದ ತೆಗೆದ ಓಲಿಯೋರೆಸಿನ್ ಎಂಬ ಕೆಂಪು ಸಾರ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ.

ಈ ಕಥೆಯಲ್ಲಿ ನೆರೆಯ ರಾಣೆಬೆನ್ನೂರಿನ ಪಾಲು ಬೇರೆ, ಅದು ಬೀಜದ ಸೀಮೆ. ಹೈಬ್ರಿಡ್ ಬೀಜದ ಹೊಲದಲ್ಲಿ ಹೆಣ್ಣುಮಕ್ಕಳು ಅರಳದ ಮೊಗ್ಗಿನಿಂದ ಕೇಸರ ಕಿತ್ತು, ಇನ್ನೊಂದು ತಳಿಯ ಪರಾಗವನ್ನು ಶಲಾಕಾಗ್ರಕ್ಕೆ ಸವರುತ್ತಾರೆ. ಕೆಲಸಕ್ಕೆ ಅವರಿಟ್ಟ ಹೆಸರು ‘ಕ್ರಾಸಿಂಗ್’.

ಕೊನೆಗೆ ರೊಟ್ಟಿಯ ತಾಟಿಗೆ ಬರೋಣ. ಹಣ್ಣುಮೆಣಸಿನಕಾಯಿ, ಉಪ್ಪು, ಬೆಳ್ಳುಳ್ಳಿ, ಮೆಂತ್ಯ, ನಿಂಬೆರಸ ಸೇರಿಸಿ ಕುಟ್ಟಿದ ಕೆಂಪು ಚಟ್ನಿಗೆ ಇಲ್ಲಿಯ ಹೆಸರು ‘ರಂಜಕ’. ಸಂಸ್ಕೃತದ ಅರ್ಥ ಹಿಡಿದರೆ ಬಣ್ಣ ಏರಿಸುವಂಥದ್ದು. ಮರಾಠಿಯಲ್ಲಿ ಇದೇ ಪದ ಬಂದೂಕಿನ ಕಿವಿಗೆ ಹಾಕುವ ಮದ್ದಿಗೂ ಸಲ್ಲುತ್ತದೆ. ಖಾರದ ಚಟ್ನಿಗೆ ಮದ್ದಿನ ಹೆಸರು ಒಪ್ಪೀತು. ಆದರೆ ಬ್ಯಾಡಗಿಯ ಕಾಯಿ ಕುಟ್ಟಿದ ಒರಳನ್ನು ಕಂಡವರಿಗೆ ಮೊದಲ ಅರ್ಥವೇ ಸರಿಯೆನಿಸುತ್ತದೆ: ಎರಡು ಸಲ ತೊಳೆದರೂ ಕಲ್ಲು ಕೆಂಪಾಗಿಯೇ ಇರುತ್ತದೆ.