ರೌಟರಿನ ಬಾಗಿಲು: ದೆಹಲಿಯ ಮನೆಗಳಲ್ಲಿ ಪೋರ್ಟ್ ಫಾರ್ವರ್ಡಿಂಗಿನ ಪೂರ್ವೋತ್ತರ

ಹೊರಗಿನ ಇಂಟರ್ನೆಟ್‌ನಿಂದ ಬರುವ ಸಂಪರ್ಕವನ್ನು ಮನೆಯೊಳಗಿನ ಇಂಥದೇ ಯಂತ್ರಕ್ಕೆ ಮುಟ್ಟಿಸಬೇಕೆಂದು ರೌಟರಿಗೆ ಮೊದಲೇ ಹೇಳಿಡುವ ಏರ್ಪಾಡಿಗೆ ಪೋರ್ಟ್ ಫಾರ್ವರ್ಡಿಂಗ್ ಎಂದು ಹೆಸರು. ದೆಹಲಿ, ನೋಯ್ಡಾ, ಗುರುಗ್ರಾಮಗಳ ಮನೆಗಳಲ್ಲಿ ಇದು ಬಳಕೆಗೆ ಬಂದು ಮತ್ತೆ ಹಿಂದೆ ಸರಿದ ಕಥೆಯು ಮೂಲತಃ ವಿಳಾಸಗಳ ಅಭಾವದ ಕಥೆ. ಆ ಅಭಾವವನ್ನು ಮನೆಯ ಹೊಸ್ತಿಲಲ್ಲಿ ನಿಭಾಯಿಸುತ್ತಿದ್ದಷ್ಟು ಕಾಲ ಕೀಲಿಕೈ ಮನೆಯವರ ಬಳಿಯಿತ್ತು, ಅದು ಸೇವೆ ಕೊಡುವ ಕಂಪನಿಯ ಅಂಗಳಕ್ಕೆ ಸರಿದಾಗ ಕೀಲಿಕೈಯೂ ಜೊತೆಗೇ ಹೋಯಿತು.

ಇಂಟರ್ನೆಟ್‌ಗೆ ಸೇರಿದ ಪ್ರತಿ ಯಂತ್ರಕ್ಕೂ ಒಂದು ಐಪಿ ವಿಳಾಸ ಬೇಕು, ಮತ್ತು ಬಹುಕಾಲದಿಂದ ಚಾಲ್ತಿಯಲ್ಲಿರುವ ನಾಲ್ಕನೆಯ ಆವೃತ್ತಿಯಲ್ಲಿ ಅಂಥ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ. ಇವು ಸಾಕಾಗವೆಂಬುದನ್ನು ಮನಗಂಡ ತಜ್ಞರು 1994ರಲ್ಲಿ ‘ನ್ಯಾಟ್’ ಎಂಬ ವಿಳಾಸ ಪರಿವರ್ತನೆಯ ಉಪಾಯವನ್ನು ಪ್ರಕಟಿಸಿದರು, 1996ರ ಹೊತ್ತಿಗೆ 192.168 ಮತ್ತು 10ರಿಂದ ಆರಂಭವಾಗುವ ವಿಳಾಸಗಳೂ ಸೇರಿದಂತೆ ಕೆಲವನ್ನು ಖಾಸಗಿ ಜಾಲಗಳ ಒಳಬಳಕೆಗೆಂದು ಮೀಸಲಿಡಲಾಯಿತು. ಮನೆಯ ಹತ್ತು ಯಂತ್ರಗಳು ಹೊರಗೆ ಒಂದೇ ವಿಳಾಸದಿಂದ ಕಾಣಿಸಿಕೊಳ್ಳಲು ಇದರಿಂದ ಸಾಧ್ಯವಾಯಿತಾದರೂ, ಹೊರಗಿನಿಂದ ಬಂದದ್ದು ಆ ಹತ್ತರಲ್ಲಿ ಯಾವುದಕ್ಕೆ ಎಂಬುದು ರೌಟರಿಗೆ ತಾನಾಗಿ ತಿಳಿಯದು. ದೂರವಾಣಿಗಾಗಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ನೆರೆಮನೆಯ ಫೋನ್ ನಂಬರಿನ ಮುಂದೆ ‘ಪಿಪಿ’ ಎಂದು ಬರೆದುಕೊಡುತ್ತಿದ್ದ ರೂಢಿಯನ್ನು ಬಲ್ಲವರಿಗೆ ಇದರ ಪರಿಹಾರವನ್ನು ವಿವರಿಸಬೇಕಾಗಿಲ್ಲ: ಫೋನ್ ಇದ್ದ ಮನೆಯವರು ಇಂಥವರಿಗೆ ಕರೆ ಬಂದರೆ ಕೂಗಬೇಕೆಂದು ತಿಳಿದಿರುತ್ತಿದ್ದಂತೆ, ರೌಟರಿಗೂ ಒಂದು ಸೂಚನೆ ಕೊಟ್ಟಿಡಬೇಕು. ಆ ಸೂಚನೆ ಪೋರ್ಟ್‌ನ ಮೂಲಕ, ಅಂದರೆ ಒಂದೇ ವಿಳಾಸದಲ್ಲಿ ಬೇರೆ ಬೇರೆ ಸೇವೆಗಳನ್ನು ಗುರುತಿಸಲು ಬಳಸುವ, 65,535ರವರೆಗೆ ಹೋಗುವ ಸಂಖ್ಯೆಯ ಮೂಲಕ ನಡೆಯುತ್ತದೆ. ಈ ಶಬ್ದವನ್ನು ‘ಬಂದರು’ ಎಂದು ಕನ್ನಡಿಸುವುದುಂಟು. ಹಡಗಿಲ್ಲದ ಈ ಜಾಗಕ್ಕೆ ‘ಬಾಗಿಲು’ ಎಂಬುದೇ ಮೇಲು.

ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ದೆಹಲಿಯೂ ಸೇರಿದ ಮಹಾನಗರಗಳಲ್ಲಿ ಸಾರ್ವಜನಿಕ ಇಂಟರ್ನೆಟ್ ಸೇವೆಯನ್ನು ಆರಂಭಿಸಿದಾಗ ಇದಾವುದರ ಅಗತ್ಯವೂ ಇರಲಿಲ್ಲ. ಮೋಡೆಮ್ ಮೂಲಕ ನಂಬರು ತಿರುಗಿಸಿದ ಒಂಟಿ ಕಂಪ್ಯೂಟರಿಗೆ, ಪೂರ್ಣ ಸಂಪರ್ಕದ ಖಾತೆಯಿದ್ದರೆ, ಕರೆ ಮುಗಿಯುವತನಕ ನೇರ ವಿಳಾಸವೇ ದೊರೆಯುತ್ತಿತ್ತು. ಪರಿಸ್ಥಿತಿ ಬದಲಾದದ್ದು 2004ರ ಬ್ರಾಡ್‌ಬ್ಯಾಂಡ್ ನೀತಿಯ ನಂತರ, ದೆಹಲಿ ಮತ್ತು ಮುಂಬಯಿಗಳ ದೂರವಾಣಿ ಸಂಸ್ಥೆಯಾದ ಎಂಟಿಎನ್‌ಎಲ್ 2005ರಲ್ಲಿ ಹಳೆಯ ತಾಮ್ರದ ತಂತಿಯ ಮೇಲೆಯೇ ಬ್ರಾಡ್‌ಬ್ಯಾಂಡ್ ಕೊಡತೊಡಗಿದ ಮೇಲೆ. ಅಂದಿನ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದು ಬ್ರಾಡ್‌ಬ್ಯಾಂಡ್. ಸಂಪರ್ಕ ಸದಾ ಜೀವಂತವಾಗಿದ್ದು, ಅದರ ತುದಿಯಲ್ಲಿ ಹಲವು ಯಂತ್ರಗಳು ಕೂಡಿಕೊಂಡ ಈ ವರ್ಷಗಳೇ ಪೋರ್ಟ್ ಫಾರ್ವರ್ಡಿಂಗಿನ ಏರುಗಾಲ. ಛಾವಣಿಯಿಂದ ಛಾವಣಿಗೆ ತಂತಿ ಎಳೆಯುತ್ತಿದ್ದ ಕೇಬಲ್‌ವಾಲಾಗಳ ಗ್ರಾಹಕರಲ್ಲಿ ಹಲವರಿಗೆ ಮಾತ್ರ ಮೊದಲಿನಿಂದಲೂ ಖಾಸಗಿ ವಿಳಾಸವೇ ಗತಿಯಾಗಿತ್ತು.

ನೆಹರೂ ಪ್ಲೇಸಿನಂಥ ಪೇಟೆಯಿಂದ ತಂದ ಸಿಸಿಟಿವಿ ಡಿವಿಆರ್ ಅನ್ನು, ಅಂದರೆ ಕ್ಯಾಮೆರಾಗಳ ದೃಶ್ಯವನ್ನು ದಾಖಲಿಸುವ ಪೆಟ್ಟಿಗೆಯನ್ನು, ಊರಾಚೆಯಿಂದ ನೋಡಬೇಕಾದರೆ ಬ್ರೌಸರಿನಲ್ಲಿ 192.168.1.1 ಎಂದು ಹೊಡೆದು ರೌಟರಿನ ಪುಟ ತೆರೆದು, ‘ವರ್ಚುವಲ್ ಸರ್ವರ್’ ಎಂಬ ಕಡೆ ಡಿವಿಆರ್‌ನ ಪೋರ್ಟ್ ಸಂಖ್ಯೆಯನ್ನೂ ಅದರ ಒಳವಿಳಾಸವನ್ನೂ ತುಂಬಿ ಉಳಿಸಬೇಕಿತ್ತು. ಒಳವಿಳಾಸವನ್ನು ಖಾಯಂ ಮಾಡದೆ ಬಿಟ್ಟರೆ, ಕರೆಂಟು ಹೋಗಿ ಬಂದಾಗ ರೌಟರು ಅದನ್ನು ಯಾರದೋ ಲ್ಯಾಪ್‌ಟಾಪಿಗೆ ಹಂಚಿಬಿಡುವುದೂ, ಕ್ಯಾಮೆರಾ ಹುಡುಕಿದವರಿಗೆ ಏನೂ ಕಾಣದಿರುವುದೂ ಇತ್ತು. ಹೀಗೆ ತೆರೆದಿಟ್ಟ ಬಾಗಿಲುಗಳಿಗೆ ಕಾರ್ಖಾನೆಯ ಪಾಸ್‌ವರ್ಡೇ ಬೀಗವಾಗಿದ್ದರೆ ಏನಾಗಬಹುದೆಂಬುದನ್ನು, ಜಗತ್ತಿನ ಕ್ಯಾಮೆರಾ ಮತ್ತು ಡಿವಿಆರ್‌ಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡ 2016ರ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ತೋರಿಸಿಕೊಟ್ಟಿತು.

ಆ ವೇಳೆಗೆ ವಿಳಾಸಗಳ ಕಣಜವೇ ಬರಿದಾಗಿತ್ತು. ಜಾಗತಿಕ ದಾಸ್ತಾನಿನ ಕೊನೆಯ ಕಂತುಗಳು 2011ರ ಫೆಬ್ರುವರಿ 3ರಂದು ಹಂಚಿಹೋದವು; ಕಂಪನಿಗಳು ತಮ್ಮ ಮಟ್ಟದಲ್ಲೇ ನ್ಯಾಟ್ ನಡೆಸಲೆಂದು 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು ಮೀಸಲಿಡಲಾಯಿತು. ಫೈಬರ್ ಬಂದ ಮನೆಯವರು ರೌಟರಿನ ಹೊರವಿಳಾಸವು ಈ ಸರಣಿಯಲ್ಲಿರುವುದನ್ನು ಕಂಡರೆ, ತಾವು ತುಂಬಿದ ನಿಯಮ ಎಷ್ಟೇ ಸರಿಯಿದ್ದರೂ ಅದರ ಬಳಿಗೆ ಯಾವ ಕರೆಯೂ ಬಾರದು, ಏಕೆಂದರೆ ನಿಜವಾದ ಹೆಬ್ಬಾಗಿಲು ಕಂಪನಿಯ ಯಂತ್ರದಲ್ಲಿರುತ್ತದೆ. ಹಣ ತೆತ್ತು ಸ್ವಂತದ ಸ್ಥಿರ ವಿಳಾಸ ಪಡೆಯುವುದು ಒಂದು ದಾರಿ. ಐಪಿ ವಿಳಾಸದ ಆರನೆಯ ಆವೃತ್ತಿಯಾದರೆ ಪ್ರತಿ ಯಂತ್ರಕ್ಕೂ ನೇರ ವಿಳಾಸವನ್ನೇ ಕೊಡಬಲ್ಲುದಾದ್ದರಿಂದ ಅಲ್ಲಿ ಫಾರ್ವರ್ಡ್ ಮಾಡಲು ಏನೂ ಉಳಿಯದೆ, ರೌಟರಿನ ಕಾವಲಿನಲ್ಲಿ ಅನುಮತಿ ಕೊಡುವುದಷ್ಟೇ ಉಳಿಯುತ್ತದೆ. ಇತ್ತೀಚಿನ ಹೆಚ್ಚಿನ ಕ್ಯಾಮೆರಾಗಳಂತೂ ತಾವಾಗಿಯೇ ಹೊರಹೋಗಿ ತಯಾರಕರ ಸರ್ವರಿನಲ್ಲಿ ಮಾಲೀಕರ ಮೊಬೈಲನ್ನು ಭೇಟಿಯಾಗುವುದರಿಂದ, ಅವನ್ನು ಜೋಡಿಸಲು ಬರುವ ಹುಡುಗ ರೌಟರಿನ ಪುಟವನ್ನು ತೆರೆಯುವ ಗೋಜಿಗೇ ಹೋಗದೆ, ಕ್ಯಾಮೆರಾದ ಮೇಲೆ ಅಂಟಿಸಿದ ಕ್ಯೂಆರ್ ಚೀಟಿಯ ಮೇಲೆ ಫೋನ್ ಹಿಡಿದು ಕೆಲಸ ಮುಗಿಸುತ್ತಾನೆ.