ವಿಜಯಪುರ ಸೀಮೆಯ ಪ್ರಾಟೆಸ್ಟಂಟ್ ಸಭೆ: ಸಹಪಂಕ್ತಿ ಮತ್ತು ಸಾಮಾಜಿಕ ನ್ಯಾಯ

ವಿಜಯಪುರದ ಇತಿಹಾಸವೆಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣೆದುರು ನಿಲ್ಲುವುದು ಗೋಳಗುಮ್ಮಟ, ಇಬ್ರಾಹಿಂ ರೋಜಾ ಮತ್ತು ಆದಿಲಶಾಹಿ ದರಬಾರಿನ ವೈಭವ. ಈ ಭವ್ಯ ಅವಶೇಷಗಳ ನಡುವೆ ಕಳೆದ ನೂರಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಬಾಳಿ ಬಂದಿರುವ ಒಂದು ಚಿಕ್ಕ ಸಮುದಾಯದ ಕಡೆಗೆ, ಎಂದರೆ ಪ್ರಾಟೆಸ್ಟಂಟ್ ಕ್ರೈಸ್ತರ ಸಭೆಯ ಕಡೆಗೆ, ಇತಿಹಾಸಕಾರರ ದೃಷ್ಟಿ ಹರಿದುದು ಕಡಿಮೆ. ಹರಿದಾಗಲೂ ಅದು ಮಿಷನರಿಗಳು ಕಟ್ಟಿದ ಶಾಲೆ, ಅಚ್ಚುಕೂಟ, ಆಸ್ಪತ್ರೆಗಳ ಪಟ್ಟಿಯನ್ನು ಕೊಡುವುದರಲ್ಲಿಯೇ ತೃಪ್ತಿಪಟ್ಟಿದೆ. ಪ್ರಸ್ತುತ ಲೇಖನದಲ್ಲಿ ನಾವು ಕೇಳಬೇಕೆಂದಿರುವ ಪ್ರಶ್ನೆ ಬೇರೆ. ಈ ಸಭೆಯು ಹೊರಗಿನವರಿಗೆ ಏನು ಉಪಕಾರ ಮಾಡಿತು ಎಂಬುದಕ್ಕಿಂತ ಮುಂಚೆ, ತನ್ನೊಳಗೆ ಮನುಷ್ಯ ಮನುಷ್ಯರನ್ನು ಯಾವ ಕ್ರಮದಲ್ಲಿ ಕೂಡಿಸಿತು? ಹಾಗೆ ಕೂಡಿಸಿದುದರ ಫಲವನ್ನು ಯಾರು, ಎಷ್ಟು ಬೆಲೆಗೆ ಪಡೆದರು?

ಸಮಾನತೆಯ ಮಾತನ್ನು ಈ ನೆಲಕ್ಕೆ ಮೊದಲು ತಂದವರು ಮಿಷನರಿಗಳೆಂದು ಹೇಳುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಬಸವಣ್ಣನ ಹೆಸರಿನೊಡನೆ ಬೆಸೆದ ಬಾಗೇವಾಡಿ ಈ ಜಿಲ್ಲೆಯಲ್ಲಿಯೇ ಇದೆ. ಹನ್ನೆರಡನೆಯ ಶತಮಾನದ ಶರಣರು ಕುಲದ ಹಮ್ಮನ್ನು ಎಷ್ಟು ತೀವ್ರವಾಗಿ ಪ್ರಶ್ನಿಸಿದರೆಂಬುದು ಎಲ್ಲರಿಗೂ ತಿಳಿದಿದೆ. ಆದರೆ ಹತ್ತೊಂಬತ್ತನೆಯ ಶತಮಾನಕ್ಕೆ ಬರುವ ಹೊತ್ತಿಗೆ ಊರು ಮತ್ತು ಕೇರಿಗಳ ನಡುವಣ ಗೆರೆ ಗಟ್ಟಿಯಾಗಿಯೇ ಇತ್ತು. ನಗರದ ಪಶ್ಚಿಮಕ್ಕಿರುವ ತಿಕೋಟಾ, ನೈರುತ್ಯಕ್ಕಿರುವ ಬಬಲೇಶ್ವರ, ಇವುಗಳ ಸುತ್ತಲಿನ ಎರೆನೆಲದ ಹಳ್ಳಿಗಳು ಇದಕ್ಕೆ ಹೊರತಾಗಿರಲಿಲ್ಲ. ಜೋಳ ಬೆಳೆಯುವ ಹೊಲ ಒಬ್ಬರದು, ಅದರಲ್ಲಿ ದುಡಿಯುವ ಕೈ ಇನ್ನೊಬ್ಬರದು. ಬಾವಿ ಊರೊಳಗೆ, ಅದರ ನೀರಿಗಾಗಿ ಕಾಯುವವರು ಊರ ಹೊರಗೆ.

ಬಾಸೆಲ್ ಮಿಷನ್ ಸಂಸ್ಥೆಯ ಮೊದಲ ಮಿಷನರಿಗಳು ಮಂಗಳೂರಿಗೆ ಬಂದುದು ೧೮೩೪ರಲ್ಲಿ. ಅದರ ಹಿಂದಿನ ವರ್ಷದ ಸನ್ನದು ಶಾಸನವು ಬ್ರಿಟಿಷರಲ್ಲದ ಯುರೋಪಿಯನ್ನರಿಗೂ ಕಂಪನಿಯ ಸೀಮೆಯಲ್ಲಿ ಕೆಲಸ ಮಾಡುವ ದಾರಿ ತೆರೆದಿತ್ತು. ಅಲ್ಲಿಂದ ಘಟ್ಟವನ್ನೇರಿ ೧೮೩೭ರಲ್ಲಿ ಧಾರವಾಡ, ೧೮೩೯ರಲ್ಲಿ ಹುಬ್ಬಳ್ಳಿ, ೧೮೪೧ರಲ್ಲಿ ಬೆಟಗೇರಿ, ೧೮೫೧ರಲ್ಲಿ ಗುಳೇದಗುಡ್ಡ, ಹೀಗೆ ಒಂದೊಂದಾಗಿ ಠಾಣೆಗಳು ಏರ್ಪಟ್ಟವು. ಕಾಲಜ್ಞಾನದ ನುಡಿಗಳಲ್ಲಿ ನಂಬಿಕೆಯಿಟ್ಟ ಪಂಗಡವೊಂದರ ಜನರು ಗುಂಪುಗುಂಪಾಗಿ ತಮ್ಮೆಡೆಗೆ ಬರುವರೆಂದು ಮಿಷನರಿಗಳು ನಿರೀಕ್ಷಿಸಿ, ಮಲಸಮುದ್ರದಲ್ಲಿ ಅವರಿಗಾಗಿ ಒಂದು ಬೇಸಾಯದ ವಸಾಹತನ್ನೂ ತೊಡಗಿದರು. ಆ ನಿರೀಕ್ಷೆ ಕೈಗೂಡಲಿಲ್ಲ, ವಸಾಹತೂ ಉಳಿಯಲಿಲ್ಲ. ನಂಬಿಕೆಯನ್ನು ಬದಲಿಸುವವನಿಗೆ ನೆಲ, ಕಸುಬು, ನೆರೆ ಇವೆಲ್ಲವೂ ಒಟ್ಟಿಗೆ ಬೇಕಾಗುತ್ತವೆ ಎಂಬ ಪಾಠವನ್ನು ಮಾತ್ರ ಅದು ಆರಂಭದಲ್ಲಿಯೇ ಕಲಿಸಿತು.

ಜಾತಿಯ ವಿಷಯದಲ್ಲಿ ದಕ್ಷಿಣ ಭಾರತದ ಪ್ರಾಟೆಸ್ಟಂಟ್ ಸಂಸ್ಥೆಗಳೆಲ್ಲ ಒಂದೇ ಅಭಿಪ್ರಾಯದವಾಗಿರಲಿಲ್ಲ. ೧೮೫೦ರಲ್ಲಿ ಮದರಾಸಿನ ಮಿಷನರಿ ಸಮ್ಮೇಳನವು, ಜಾತಿಯನ್ನು ತೊರೆದುದಕ್ಕೆ ಗುರುತಾಗಿ ಇತರರೊಡನೆ ಕುಳಿತು ಉಣ್ಣಲೊಪ್ಪದವನನ್ನು ಸಭೆಗೆ ಸೇರಿಸಿಕೊಳ್ಳಲಾಗದೆಂದು ನಿರ್ಣಯಿಸಿತು. ಜಾತಿಯು ಒಂದು ಲೌಕಿಕ ರೂಢಿಯೆಂದೂ ಅದನ್ನು ಕಾಲಕ್ರಮದಲ್ಲಿ ಸಡಿಲಿಸಬೇಕೆಂದೂ ತಿಳಿದ ಲೈಪ್ಸಿಗ್ ಲೂಥರನ್ ಮಿಷನ್ ಇದಕ್ಕೆ ಸೇರಲಿಲ್ಲ. ಬಾಸೆಲ್ ಮಿಷನ್ನಿನವರು ಕಠಿಣವಾದ ಪಕ್ಷವನ್ನೇ ಹಿಡಿದರು. ಆದುದರಿಂದ ನಮ್ಮ ಸೀಮೆಯ ಸಭೆಗಳಲ್ಲಿ ಕರ್ತನ ಭೋಜನವೆಂಬುದು ಕೇವಲ ಆರಾಧನೆಯ ಅಂಗವಾಗಿ ಉಳಿಯಲಿಲ್ಲ. ನೇಕಾರ ಮನೆತನದಿಂದ ಬಂದವನೂ ಕೇರಿಯಿಂದ ಬಂದವನೂ ಒಂದೇ ರೊಟ್ಟಿಯನ್ನು ಮುರಿದು ಒಂದೇ ಬಟ್ಟಲಿನಲ್ಲಿ ಕುಡಿಯಬೇಕಾದ ಆ ಗಳಿಗೆಯು ಊರಿನ ವ್ಯವಸ್ಥೆಯೊಡನೆ ನೇರವಾದ ವಿಚ್ಛೇದವಾಗಿತ್ತು. ಉಪದೇಶವನ್ನು ಕೇಳಿ ಮೆಚ್ಚಿದವರು ಅನೇಕರು. ಈ ಪಂಕ್ತಿಯ ಮುಂದೆ ಹಿಂಜರಿದವರೂ ಅನೇಕರು.

ಹಿಂಜರಿಕೆಗೆ ಕಾರಣವಿಲ್ಲದಿರಲಿಲ್ಲ. ೧೮೫೦ರ ಜಾತಿ ನಿರ್ಬಂಧ ನಿವಾರಣ ಕಾನೂನು ಮತಾಂತರ ಹೊಂದಿದವನ ಆಸ್ತಿಯ ಹಕ್ಕನ್ನು ಕಾಪಾಡಿತು. ಆದರೆ ಬಾವಿಯ ನೀರು, ಕೂಲಿಯ ಕರೆ, ಸಾಲದ ನಂಬಿಕೆ, ಮದುವೆಯ ಸಂಬಂಧ ಇವನ್ನು ಕಾಪಾಡುವ ಕಾನೂನು ಯಾವುದೂ ಇರಲಿಲ್ಲ. ಸಹಪಂಕ್ತಿಯಲ್ಲಿ ಕುಳಿತವನು ಮರುದಿನವೇ ಜೀವನೋಪಾಯಕ್ಕೆ ಎರವಾಗಬಹುದಿತ್ತು. ಮಿಷನ್ ಸಂಸ್ಥೆಯು ನೇಯ್ಗೆ ಮತ್ತು ಹಂಚಿನ ಕಾರ್ಖಾನೆಗಳನ್ನು ತೆರೆದುದನ್ನು ನಾವು ಈ ಹಿನ್ನೆಲೆಯಲ್ಲಿ ಅರಿಯಬೇಕು. ಇವು ಸಂಕಟವನ್ನು ಪರಿಹರಿಸಿದವೆಂಬುದು ನಿಜ. ಅವಲಂಬನೆಯನ್ನು ಬೆಳೆಸಿದವೆಂಬುದೂ ಅಷ್ಟೇ ನಿಜ. ಕೆಲಸ ಕೊಡುವವರೂ ಸಭಾಶಿಸ್ತನ್ನು ನಡೆಸುವವರೂ ಒಂದೇ ಸಂಸ್ಥೆಯವರಾದಲ್ಲಿ, ಸಮಾನರ ಪಂಕ್ತಿಯ ತಲೆಯಲ್ಲಿ ಒಬ್ಬ ಯಜಮಾನನು ಕುಳಿತಂತಾಗುತ್ತದೆ.

ಪಂಕ್ತಿಯ ಪ್ರಶ್ನೆ ಆರಾಧನಾ ಮಂದಿರದಲ್ಲಿ ಮಾತ್ರವಲ್ಲ, ಶಾಲೆಯ ಜಮಖಾನೆಯ ಮೇಲೆಯೂ ಎದ್ದಿತು. ೧೮೫೬ರ ಜೂನ್ ತಿಂಗಳಲ್ಲಿ ಧಾರವಾಡದ ಸರಕಾರಿ ಶಾಲೆಯಲ್ಲಿ ಒಬ್ಬ ಮಹಾರ ಬಾಲಕನಿಗೆ ಪ್ರವೇಶ ನಿರಾಕರಿಸಲಾಯಿತು. ಅವನು ಮುಂಬಯಿ ಸರಕಾರಕ್ಕೆ ಅರ್ಜಿ ಬರೆದುಕೊಂಡನು. ನ್ಯಾಯವು ಅವನ ಪಕ್ಷದಲ್ಲಿದೆಯೆಂದು ಒಪ್ಪಿಯೂ, ಒಬ್ಬನಿಗಾಗಿ ಅನೇಕರು ಶಾಲೆ ಬಿಟ್ಟು ಹೋಗುವಂತೆ ಮಾಡಲಾಗದೆಂದು ಸರಕಾರವು ಕೈಚೆಲ್ಲಿತು. ವಿಷಯವು ಮೇಲಕ್ಕೆ ಹೋಗಿ, ೧೮೫೮ರಲ್ಲಿ ಕಂಪನಿಯ ನಿರ್ದೇಶಕ ಮಂಡಲಿಯು ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ಸೇರಿದವೆಂಬ ತತ್ತ್ವವನ್ನು ಸಾರಿತು. ತತ್ತ್ವ ಕಾಗದದ ಮೇಲೆ ಉಳಿದ ಆ ದಶಕಗಳಲ್ಲಿ ಕೇರಿಯ ಮಕ್ಕಳಿಗೆ ಅಕ್ಷರದ ದಾರಿಯನ್ನು ತೆರೆದ ಕೆಲವೇ ಸ್ಥಳಗಳಲ್ಲಿ ಮಿಷನ್ ಶಾಲೆಗಳು ಸೇರಿದ್ದವು. ಅವುಗಳ ನಿಜವಾದ ಮಹತ್ತ್ವವಿರುವುದು ಕಲಿಸಿದ ಪಾಠಕ್ಕಿಂತ ಹೆಚ್ಚಾಗಿ ಕೂಡಿಸಿದ ಕ್ರಮದಲ್ಲಿ.

ಇಷ್ಟರಲ್ಲಿ ೧೮೭೬ರ ಮಳೆ ಕೈಕೊಟ್ಟಿತು. ೧೮೭೬ರಿಂದ ೧೮೭೮ರ ವರೆಗಿನ ಮಹಾಕ್ಷಾಮವು ಆಗಿನ ಕಲಾದಗಿ ಜಿಲ್ಲೆಯನ್ನು ಎಷ್ಟು ಘೋರವಾಗಿ ತಟ್ಟಿತೆಂದರೆ, ೧೮೭೨ ಮತ್ತು ೧೮೮೧ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಇಳಿಯಿತು. ಮೊದಲು ಸತ್ತವರು ಹೊಲವಿಲ್ಲದವರು. ಉಳಿದ ಮಕ್ಕಳಲ್ಲಿ ಕೆಲವರು ಮಿಷನ್ನಿನ ಅನಾಥಾಲಯಗಳನ್ನು ಸೇರಿ ಬೆಳೆದರು. ಇವರನ್ನು ಅನ್ನಕ್ಕಾಗಿ ಮತ ಬಿಟ್ಟವರೆಂದು ಹೀಗಳೆಯುವ ರೂಢಿ ಅಂದಿನಿಂದ ಇದೆ. ಹಸಿವಿನಿಂದ ಸಾಯುತ್ತಿದ್ದ ಮಗುವಿಗೆ ಅನ್ನಕ್ಕೂ ನಂಬಿಕೆಗೂ ನಡುವೆ ಆಯ್ಕೆಯ ಅವಕಾಶವಿತ್ತೆಂದು ಭಾವಿಸುವುದೇ ಇಲ್ಲಿಯ ದೋಷ. ಆ ಮಗುವನ್ನು ಊರು ಏಕೆ ಎತ್ತಿಕೊಳ್ಳಲಿಲ್ಲ ಎಂಬುದು ಇತಿಹಾಸಕಾರನು ಕೇಳಬೇಕಾದ ಮೊದಲ ಪ್ರಶ್ನೆ. ಎತ್ತಿಕೊಂಡವರು ಆ ಉಪಕಾರವನ್ನು ಮತಪ್ರಸಾರಕ್ಕೆ ಎಷ್ಟರ ಮಟ್ಟಿಗೆ ಬಳಸಿದರು ಎಂಬುದು ಎರಡನೆಯದು. ಎರಡನ್ನೂ ಕೇಳದೆ ಒಂದನ್ನು ಮಾತ್ರ ಕೇಳುವುದು ಪಕ್ಷಪಾತವಾಗುತ್ತದೆ.

ಕ್ಷಾಮದ ನಂತರ ಸೀಮೆಯ ಕೇಂದ್ರ ಬದಲಾಯಿತು. ಹೋಟಗಿ ಮತ್ತು ಗದಗುಗಳನ್ನು ಕೂಡಿಸುವ ರೈಲುಮಾರ್ಗವು ೧೮೮೪ರ ಸುಮಾರಿಗೆ ವಿಜಾಪುರವನ್ನು ಹಾದುಹೋಯಿತು. ೧೮೮೫ರಲ್ಲಿ ಜಿಲ್ಲೆಯ ಮುಖ್ಯ ಠಾಣೆ ಕಲಾದಗಿಯಿಂದ ಇಲ್ಲಿಗೆ ಬಂದಿತು. ಅದೇ ೧೮೮೫ರಲ್ಲಿ ಬಾಸೆಲ್ ಮಿಷನ್ನಿನ ವಿಜಾಪುರ ಠಾಣೆಯೂ ಸ್ಥಾಪಿತವಾಯಿತು. ಪಾಳುಬಿದ್ದ ಅರಮನೆಗಳು ಕಚೇರಿಗಳಾಗುತ್ತಿದ್ದ ಆ ಕಾಲದಲ್ಲಿ, ನಗರವು ಹಳ್ಳಿಯ ದುಡಿಮೆಗಾರನಿಗೆ ಹೊಸ ಕೆಲಸವನ್ನಷ್ಟೇ ಅಲ್ಲದೆ ಹೊಸ ಗುರುತನ್ನೂ ಕೊಡಬಲ್ಲುದಾಗಿತ್ತು. ತಿಕೋಟಾ, ಬಬಲೇಶ್ವರಗಳು ನಗರದಿಂದ ಚಕ್ಕಡಿಯ ಒಂದು ದಿನದ ದಾರಿ. ಆದರೆ ಕೇರಿಯಲ್ಲಿ ಹುಟ್ಟಿದವನೊಬ್ಬನು ಹೆಸರು ಹಿಡಿದು ಮರ್ಯಾದೆಯಿಂದ ಕರೆಯಿಸಿಕೊಳ್ಳುವ ಮಟ್ಟಕ್ಕೆ ನಡೆಯಬೇಕಾದ ದಾರಿ ಅದಕ್ಕಿಂತ ಬಹಳ ಉದ್ದವಾಗಿತ್ತು.

ಇಂಥ ಸಭೆಗಳ ಒಳಬಾಳಿಗೆ ಒಂದು ಕಟ್ಟುನಿಟ್ಟು ಇತ್ತು. ಸಭಾಪಾಲಕನೊಡನೆ ಸಭೆಯ ಹಿರಿಯರು ಕೂಡಿ ಜಗಳಗಳನ್ನು ತೀರಿಸುತ್ತಿದ್ದರು. ಕಾಣಿಕೆಯಲ್ಲಿ ಒಂದು ಪಾಲು ಬಡವರಿಗೆ, ವಿಧವೆಯರಿಗೆ ಸಲ್ಲುತ್ತಿತ್ತು. ಸುಗ್ಗಿಯ ಹಬ್ಬಕ್ಕೆ ರೈತರು ತಮ್ಮ ಬೆಳೆಯ ಮೊದಲ ಪಾಲನ್ನು ತರುತ್ತಿದ್ದರು. ಬೈಬಲ್ ಸ್ತ್ರೀಯರು ಮನೆಮನೆಗೆ ಹೋಗಿ ಹೆಂಗಸರಿಗೆ ಓದು ಹೇಳಿಕೊಟ್ಟರು. ೧೯೦೨ರಲ್ಲಿ ಬೆಟಗೇರಿಯಲ್ಲಿ ಆರಂಭವಾದ ಮಿಷನ್ ಆಸ್ಪತ್ರೆಯನ್ನು ಜನರು ಜರ್ಮನ್ ಆಸ್ಪತ್ರೆಯೆಂದೇ ಕರೆದರು. ಇವುಗಳಲ್ಲಿ ಹೊರಗಿನವರಿಗೆ ಎದ್ದು ಕಾಣುವುದು ಆಸ್ಪತ್ರೆ. ನಮ್ಮ ದೃಷ್ಟಿಯಲ್ಲಿ ಹಿರಿಯರ ಕೂಟವು ಅದಕ್ಕಿಂತ ಕಡಿಮೆಯದಲ್ಲ. ಊರಿನ ಪಂಚಾಯತಿಯ ಕಟ್ಟೆಯನ್ನು ಹತ್ತಲು ಅನುಮತಿಯಿಲ್ಲದಿದ್ದ ಮನೆತನದವನು ಇಲ್ಲಿ ಕುಳಿತು ನ್ಯಾಯ ಹೇಳಬಹುದಾಗಿತ್ತು.

೧೯೧೪ರ ಮಹಾಯುದ್ಧ ಈ ಸಭೆಗಳನ್ನು ಒರೆಗೆ ಹಚ್ಚಿತು. ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾಗಿ ದೇಶವನ್ನು ಬಿಡಬೇಕಾಯಿತು; ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದವು. ಯಜಮಾನನು ಎದ್ದುಹೋದ ಮೇಲೂ ಪಂಕ್ತಿ ಉಳಿಯುವುದೇ ಎಂಬ ಪ್ರಶ್ನೆ ಎದುರಾಯಿತು. ಸಭೆಗಳು ಉಳಿದವು, ದೇಶೀಯ ಸಭಾಪಾಲಕರ ಮತ್ತು ಹಿರಿಯರ ಹೊಣೆ ಬೆಳೆಯಿತು. ೧೯೪೭ರ ಸೆಪ್ಟೆಂಬರ್ ೨೭ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪಿತವಾದಾಗ ಮುಂಬಯಿ ಕರ್ನಾಟಕದ ಬಾಸೆಲ್ ಸಭೆಗಳು ಕೂಡಲೇ ಅದರಲ್ಲಿ ಸೇರಲಿಲ್ಲ. ಮುಂದೆ ಸೇರಿ, ಧಾರವಾಡವನ್ನು ಕೇಂದ್ರವಾಗಿ ಉಳ್ಳ ಉತ್ತರ ಕರ್ನಾಟಕ ಸಭಾಪ್ರಾಂತದ ಅಂಗಗಳಾದವು.

ಸ್ವಾತಂತ್ರ್ಯಾನಂತರದ ನ್ಯಾಯದ ಪ್ರಶ್ನೆಯು ಅನಿರೀಕ್ಷಿತವಾದ ಕಡೆಯಿಂದ ಬಂದಿತು. ೧೯೫೦ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ ಮೂರನೆಯ ಕಂಡಿಕೆಯು ಹಿಂದೂ ಧರ್ಮದವರನ್ನು ಮಾತ್ರ ಪರಿಶಿಷ್ಟ ಜಾತಿಯವರೆಂದು ಪರಿಗಣಿಸಿತು. ೧೯೫೬ರಲ್ಲಿ ಸಿಖ್ಖರನ್ನೂ ೧೯೯೦ರಲ್ಲಿ ಬೌದ್ಧರನ್ನೂ ಸೇರಿಸಲಾಯಿತು. ದಲಿತ ಮೂಲದ ಕ್ರೈಸ್ತರು ಹೊರಗುಳಿದರು. ಕರ್ನಾಟಕವು ಅವರನ್ನು ಹಿಂದುಳಿದ ವರ್ಗಗಳ ಮೊದಲ ಪ್ರವರ್ಗದಲ್ಲಿ ಎಣಿಸಿದೆ. ಆದರೆ ಪರಿಶಿಷ್ಟರ ಮೀಸಲು ಕ್ಷೇತ್ರವಾಗಲಿ, ೧೯೮೯ರ ದೌರ್ಜನ್ಯ ತಡೆ ಕಾನೂನಿನ ರಕ್ಷಣೆಯಾಗಲಿ ಅವರಿಗೆ ದೊರೆಯದು. ೧೯೮೫ರ ಸೂಸೈ ಮೊಕದ್ದಮೆಯಲ್ಲಿ, ಮದರಾಸಿನ ಚಮ್ಮಾರನೊಬ್ಬನ ಅರ್ಜಿಯನ್ನು ತಳ್ಳಿಹಾಕುತ್ತ, ಹಿಂದಿನ ಜಾತಿಯಿಂದ ಒದಗಿದ ಬಾಧೆಗಳು ಹೊಸ ಧರ್ಮದ ಸಮುದಾಯದಲ್ಲಿಯೂ ಅಷ್ಟೇ ತೀವ್ರವಾಗಿ ಮುಂದುವರಿದಿವೆಯೆಂದು ತೋರಿಸಬೇಕೆಂಬ ಅಭಿಪ್ರಾಯವನ್ನು ಸರ್ವೋಚ್ಚ ನ್ಯಾಯಾಲಯವು ಕೊಟ್ಟಿತು. ಈ ವಿಷಯದ ಪರಿಶೀಲನೆಗಾಗಿ ೨೦೨೨ರಲ್ಲಿ ಕೇಂದ್ರ ಸರಕಾರವು ಕೆ. ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿತು.

ಇಲ್ಲಿಯ ಇಕ್ಕಟ್ಟನ್ನು ವಾಚಕರು ಗಮನಿಸಬೇಕು. ನಮ್ಮಲ್ಲಿ ಜಾತಿಯಿಲ್ಲವೆಂದು ಸಭೆ ಸಾರಿದರೆ ಅದರ ಬಡವರು ಪರಿಹಾರಕ್ಕೆ ಎರವಾಗುತ್ತಾರೆ. ಜಾತಿಯಿದೆಯೆಂದು ಒಪ್ಪಿದರೆ ೧೮೫೦ರಿಂದ ಹೊತ್ತು ಬಂದ ಪ್ರತಿಜ್ಞೆಗೆ ಭಂಗ ಬರುತ್ತದೆ. ಆದರೆ ಇತಿಹಾಸವನ್ನು ಸರಿಯಾಗಿ ಓದಿದರೆ ಈ ಇಕ್ಕಟ್ಟಿನಲ್ಲಿ ಒಂದು ತಪ್ಪು ಎಣಿಕೆ ಅಡಗಿರುವುದು ತಿಳಿದುಬರುತ್ತದೆ. ಜಾತಿಯು ಪಂಕ್ತಿಯಲ್ಲಿ ಮಾತ್ರ ಬಾಳಿದುದಲ್ಲ. ಅದು ಹೊಲದಲ್ಲಿ, ಬಾವಿಯಲ್ಲಿ, ಸಾಲದ ಪತ್ರದಲ್ಲಿ, ಸ್ಮಶಾನದ ದಾರಿಯಲ್ಲಿ ಬಾಳಿತು. ಸಭೆಯು ತನ್ನ ಮೇಜಿನಿಂದ ಅದನ್ನು ತೆಗೆಯಬಲ್ಲುದು. ಊರಿನ ನೆಲದಿಂದ ತೆಗೆಯಲಾರದು. ಭಾನುವಾರ ಎಲ್ಲರೊಡನೆ ಒಂದೇ ಬಟ್ಟಲಿನಲ್ಲಿ ಕುಡಿದವನಿಗೆ ಸೋಮವಾರ ಊರ ಬಾವಿಯಲ್ಲಿ ಹಳೆಯ ಹೆಸರೇ ಕಾದಿರುತ್ತಿತ್ತು. ಮೊದಲನೆಯದು ಸಭೆಯ ಸಾಧನೆ. ಎರಡನೆಯದು ಇಡೀ ಸಮಾಜದ ಋಣ. ಒಂದನ್ನು ತೋರಿಸಿ ಮತ್ತೊಂದನ್ನು ತೀರಿಸಿದಂತೆ ಎಣಿಸುವುದು ನ್ಯಾಯವಲ್ಲ.

ಸಭೆಯೂ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕು. ವಿವಾಹ ಸಂಬಂಧಗಳಲ್ಲಿ ಹಿಂದಿನ ಕುಲದ ವಿಚಾರಣೆ ಎಲ್ಲಿ ನಡೆಯುತ್ತದೆಯೋ ಅಲ್ಲಿ ಪಂಕ್ತಿ ಅರ್ಧಕ್ಕೇ ಮುರಿದಂತೆ. ಈಚೆಗೆ ತಾಲ್ಲೂಕು ಕೇಂದ್ರಗಳಾಗಿರುವ ತಿಕೋಟಾ, ಬಬಲೇಶ್ವರಗಳ ಸೀಮೆಗೆ ಕಾಲುವೆ ಮತ್ತು ಏತನೀರಾವರಿಯ ನೀರು ಬಂದಿದೆ. ಜೋಳದ ಹೊಲಗಳ ಪಕ್ಕದಲ್ಲಿ ದ್ರಾಕ್ಷಿಯ ತೋಟಗಳು ಎದ್ದಿವೆ. ಆದರೂ ನೆಲವಿಲ್ಲದವನು ಗುಳೆ ಹೋಗುವುದು ನಿಂತಿಲ್ಲ. ೧೯೮೨ರ ಕಾನೂನು ದೇವದಾಸಿ ಪದ್ಧತಿಯನ್ನು ನಿಷೇಧಿಸಿದ ಮೇಲೂ ಆ ಹೆಣ್ಣುಮಕ್ಕಳ ಮತ್ತು ಅವರ ಸಂತಾನದ ಮರ್ಯಾದೆಯ ಪ್ರಶ್ನೆ ಮುಗಿದಿಲ್ಲ. ಇಂಥವರ ನಡುವೆ ಸಭೆಯು ಮಾಡುವ ಸೇವೆಯನ್ನು ಹಂಚಿದ ವಸ್ತುಗಳ ಲೆಕ್ಕದಿಂದ ಅಳೆಯಲಾಗದು. ಸೇವೆ ಪಡೆದವನು ಸಭೆಯನ್ನು ಸೇರಲಿ ಬಿಡಲಿ, ಮಾಡಿದವನ ಸರಿಸಮನಾಗಿ ಕುಳಿತುಕೊಳ್ಳಬಲ್ಲನೇ ಎಂಬುದೇ ಅದರ ಅಳತೆಗೋಲು.

ಈ ವಿಷಯದಲ್ಲಿ ಸಂಶೋಧನೆಗೆ ವಿಪುಲವಾದ ಅವಕಾಶವಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿಯೂ ಮಂಗಳೂರಿನ ಬಲ್ಮಠದಲ್ಲಿಯೂ ಮಿಷನ್ನಿನ ಕಾಗದಪತ್ರಗಳು ಸುರಕ್ಷಿತವಾಗಿವೆ. ಆದರೆ ಅವು ಬಹುಮಟ್ಟಿಗೆ ಮಿಷನರಿಗಳು ಬರೆದವು. ಸಭೆಗಳಲ್ಲಿರುವ ದೀಕ್ಷಾಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳು, ಸಮಾಧಿಗಳ ಮೇಲಿನ ಕನ್ನಡ ಲೇಖಗಳು, ವೃದ್ಧರ ನೆನಪುಗಳು, ಇವು ಪಂಕ್ತಿಯಲ್ಲಿ ಕುಳಿತವರ ಸಾಕ್ಷ್ಯಗಳು. ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ಊರಿನ ಸಭೆಯಿಂದಲೇ ಈ ಕೆಲಸವನ್ನು ತೊಡಗಬಹುದು. ಗುಮ್ಮಟಗಳು ಇನ್ನೂ ಬಹುಕಾಲ ನಿಂತಿರುತ್ತವೆ. ಈ ದಾಖಲೆಗಳನ್ನು ಗೆದ್ದಲು ಅಷ್ಟು ಕಾಲ ಉಳಿಸಲಾರದು.